ದನದ ಡಾಕ್ಟರ ಕನ್ನಡ ಪಾಠ

ರಾಜ್ಯಗಳು ಒಂದಾದ ಮರುವರ್ಷ ಶಿಕಾರಿಪುರಕ್ಕೆ ಹೊಸ ದನದ ಡಾಕ್ಟರು ಬಂದರು. ಹೆಸರು ಕುಂಞಿರಾಮನ್, ಕಣ್ಣೂರಿನ ಕಡೆಯವರು. ಮದರಾಸು ಸರ್ಕಾರದ ನೌಕರಿಯಲ್ಲಿದ್ದವರನ್ನು ಗಡಿ ಗುರುತಿಸುವಾಗ ಮೈಸೂರು ರಾಜ್ಯಕ್ಕೆ ಹಾಕಿದ್ದರು.

ಅವರ ಬಾಯಲ್ಲಿ ಎಲ್ಲವೂ ‘ಬಂತು’. ನಾನು ಬಂತು, ರೈತರು ಬಂತು, ಕುರಿ ಬಂತು. ಕುರಿ ಕಾಯುವ ಸಣ್ಣಬೀರಪ್ಪ ನಕ್ಕೇಬಿಟ್ಟ: “ಅಲ್ರೀ ಡಾಕ್ಟ್ರೇ, ನಾನೂ ಕುರೀನೂ ಒಂದೇ ಏನ್ರೀ?”

ಇಲಾಖೆಯ ಕನ್ನಡ ಪರೀಕ್ಷೆಯೂ ತಲೆಯ ಮೇಲಿತ್ತು. ಹಾಗಾಗಿ ಭಾನುವಾರಗಳಂದು ಅವರು ರಾಜೇಶ್ವರಮ್ಮನ ಜಗಲಿಗೆ ಪಾಠಕ್ಕೆ ಬರತೊಡಗಿದರು. ರಾಜೇಶ್ವರಮ್ಮ ಹೆಣ್ಣುಮಕ್ಕಳ ಶಾಲೆಯ ಟೀಚರು. ಮದುವೆಯಾದ ವರ್ಷವೇ ಗಂಡ ತೀರಿಕೊಂಡಿದ್ದರಿಂದ ಸೊರಬದ ಅತ್ತೆಮನೆ ಬಿಟ್ಟು ತಾಯಿ ತುಂಗಮ್ಮನ ಜೊತೆಗಿದ್ದಳು. ಪಾಠದ ಹೊತ್ತಿಗೆ ತುಂಗಮ್ಮ ಬಾಗಿಲಲ್ಲೇ ಅವರೆಕಾಯಿ ಸುಲಿಯುತ್ತ ಕೂರುವಳು.

“ನಾನು ಬಂದೆ, ಅವರು ಬಂದರು. ಕ್ರಿಯಾಪದದ ಕೊನೆ ನೋಡಿದ್ರೆ ಬಂದೋರು ಯಾರು ಅಂತ ಗೊತ್ತಾಗುತ್ರೀ.”

ಡಾಕ್ಟರು ತಪ್ಪಿ, ತಾವೇ ನಕ್ಕು, ಮತ್ತೆ ಹೇಳುವರು. ಆ ನಗು ವಾರವಿಡೀ ಆಕೆಯ ಕಿವಿಯಲ್ಲಿರುತ್ತಿತ್ತು. ಶನಿವಾರ ಸಂಜೆ ಸಾರಿಸಿದ ಜಗಲಿಯನ್ನೇ ಮತ್ತೆ ಸಾರಿಸುವಳು.

ಪರೀಕ್ಷೆ ಹತ್ತಿರವಾದಾಗ ಅವರು ಕೇಳಿದರು: “ಟೀಚರ್, ಮಲಯಾಳದಲ್ಲಿ ‘ನಾವು’ಗೆ ಎರಡು ಮಾತು ಉಂಟು. ಎದುರಿನವರನ್ನು ಬಿಟ್ಟರೆ ‘ಞಙ್ಙಳ್’, ಸೇರಿಸಿದರೆ ‘ನಮ್ಮಳ್’. ಕನ್ನಡದಲ್ಲಿ ಹೇಗೆ ತಿಳಿಯುವುದು?”

ರಾಜೇಶ್ವರಮ್ಮನನ್ನು ಹೀಗೆ ಯಾರೂ ಕೇಳಿರಲಿಲ್ಲ. ಯೋಚಿಸಿ ಹೇಳಿದಳು: “ನಾವು ಹೋಗ್ತೀವಿ ಅಂದ್ರೆ ನೀವು ಅದರಲ್ಲಿ ಇಲ್ಲದೇ ಇರಬಹುದು. ಹೋಗೋಣ ಅಂದ್ರೆ ನೀವೂ ಸೇರಿದ ಹಾಗೇರೀ.”

ಡಾಕ್ಟರು ಅದನ್ನು ಪುಸ್ತಕದ ಅಂಚಿನಲ್ಲಿ ಬರೆದುಕೊಂಡರು. ಆಮೇಲೆ ನಿಧಾನವಾಗಿ, “ಒಂದು ದಿನ ತಾಳಗುಂದಕ್ಕೆ ಹೋಗೋಣ. ಶಾಸನ ನೋಡೋಣ” ಎಂದರು.

ತುಂಗಮ್ಮನ ಕೈ ನಿಂತಿತು. ರಾಜೇಶ್ವರಮ್ಮನಿಗೆ ‘ಹೂಂ’ ಎಂಬುದು ನಾಲಿಗೆಯ ತುದಿಗೇ ಬಂದಿತ್ತು.

“ವಾಕ್ಯ ಸರಿಯಾಗೈತ್ರೀ” ಎಂದಳು.

ಅವರು ತಲೆತಗ್ಗಿಸಿ ಪುಸ್ತಕ ಮಡಚಿದರು.

ಪರೀಕ್ಷೆ ಪಾಸಾಯಿತು. ಮಳೆಗಾಲ ಹಿಡಿಯುವಷ್ಟರಲ್ಲಿ ಊರ ಕಡೆಗೆ ವರ್ಗ ಕೋರಿ ಅವರು ಹಿಂದೆಂದೋ ಹಾಕಿದ್ದ ಅರ್ಜಿಯೂ ಮಂಜೂರಾಯಿತು. ಹೊರಡುವ ಬೆಳಿಗ್ಗೆ ಹೇಳಿಹೋಗಲು ಬಂದಾಗ ರಾಜೇಶ್ವರಮ್ಮ ಶಾಲೆಯಲ್ಲಿದ್ದಳು. ತುಂಗಮ್ಮನೇ ದಾರಿಗೆ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಟ್ಟಳು.

ಮಧ್ಯಾಹ್ನ ಮಗಳಿಗೆ ಊಟ ಬಡಿಸುತ್ತ, “ಒಳ್ಳೆ ಮನುಷ್ಯ ಕಣವ್ವಾ. ನೀ ಹೂಂ ಅಂದಿದ್ರೆ ನಾ ಬ್ಯಾಡ ಅಂತಿರ್ಲಿಲ್ಲ” ಎಂದಳು.

ರಾಜೇಶ್ವರಮ್ಮ ತಾಯಿಯ ಮುಖ ನೋಡಿದಳು. “ಆಗ್ಲೇ ಯಾಕೆ ಹೇಳ್ಲಿಲ್ಲ?”

“ನೀ ಕೇಳಿದ್ಯಾ?”

ರಾಜೇಶ್ವರಮ್ಮ ತಟ್ಟೆಯ ಅನ್ನ ಕಲಸುತ್ತಲೇ ಇದ್ದಳು.

“ಬಸ್ಸು ಈಗ ಎಲ್ಲಿಗೆ ಮುಟ್ಟಿರ್ತೈತವ್ವಾ?”

“ಶಿವಮೊಗ್ಗ ದಾಟಿರ್ತೈತಿ. ಊಟ ಮಾಡು.”