ಕೊಳ ಸೇರಿದ ಸೋರುವ ಬಾನಿ

ನಾನು ಒಂದು ಮಣ್ಣಿನ ಬಾನಿ. ಅಗಲ ಬಾಯಿ, ಗಿಡ್ಡ ಮೈ. ಹಿರಿಯೂರಿನ ಹತ್ತಿರದ ಕೆರೆಯೊಂದರ ಗೋಡುಮಣ್ಣಿನಿಂದ ಕುಂಬಾರ ತಿಪ್ಪೇಸ್ವಾಮಿ ನನ್ನನ್ನು ತಿಗರಿಯ ಮೇಲೆ ಎತ್ತಿದ. ಅವನ ಕೈಯಲ್ಲೇನೂ ತಪ್ಪಿರಲಿಲ್ಲ. ಆವಿಗೆಗೆ ಬೆಂಕಿ ಇಟ್ಟ ದಿನ ಗಾಳಿ ಒಂದೇ ಮಗ್ಗುಲಿಗೆ ನುಗ್ಗಿ, ನನ್ನ ಕುತ್ತಿಗೆಯ ಕೆಳಗೆ ಕೂದಲೆಳೆಯಷ್ಟು ಬಿರುಕು ಬಿಟ್ಟಿತು. ಕಣ್ಣಿಗೆ ಕಾಣುವಂಥದ್ದಲ್ಲ. ಆದರೆ ನಮ್ಮ ಕಡೆ ಮಡಕೆಯನ್ನು ಕಣ್ಣಿಂದ ಕೊಳ್ಳುವುದಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಯಿಂದ ಕೊಳ್ಳುತ್ತಾರೆ.

ಸಂತೆಯಲ್ಲಿ ನನ್ನನ್ನು ತಟ್ಟಿದವರೆಲ್ಲ ಹಾಗೇ ಕೆಳಗಿಟ್ಟರು.

"ಎಲ್ಲಾ ಕಂಚಿನಂಗೆ ಮಾತಾಡ್ತಾವೆ, ಇದೊಂದು ಬಾಯೇ ಬಿಡಲ್ವಲ್ಲಣ್ಣ" ಎಂದಳು ಓಬಮ್ಮ. ಅವಳು ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಬಿಸಿಯೂಟ ಮಾಡುವವಳು.

"ಮೂರು ಸಂತೆಯಿಂದ ಹೊತ್ತು ತಿರುಗ್ತಿದೀನಿ ತಾಯಿ. ಸುಮ್ನೆ ತಗಂಡೋಗು, ಕೋಳಿ ಕಾವಿಗೆ ಕೂರಿಸಾಕಾಗ್ತತೆ" ಎಂದ ತಿಪ್ಪೇಸ್ವಾಮಿ.

ಹೀಗೆ ನಾನು ಎರಡು ವರ್ಷ ಕೋಳಿಗಳ ಹೆರಿಗೆಮನೆಯಾದೆ. ಆಮೇಲೆ ಓಬಮ್ಮ ನನ್ನನ್ನು ತರಕಾರಿ ಸಿಪ್ಪೆ ಹಾಕಲು ಶಾಲೆಗೆ ಒಯ್ದಳು. ಅಲ್ಲಿ ಅಡುಗೆಮನೆಯ ಬಾಗಿಲಲ್ಲಿ ಕುಳಿತು, ಓಡಾಡುವ ಕಾಲುಗಳನ್ನು ನೋಡುತ್ತಾ ಇರುತ್ತಿದ್ದೆ. ಎಲ್ಲರಿಗಿಂತ ಅವಸರದ ಕಾಲುಗಳು ವಿಜ್ಞಾನದ ಟೀಚರ್ ಕಾತ್ಯಾಯಿನಿಯವು.

ಪ್ರಾರ್ಥನೆಯ ಅಂಗಳದ ಅಂಚಿನಲ್ಲಿ, ಬೇವಿನ ಮರದ ಪಕ್ಕ, ಒಂದು ಸಿಮೆಂಟ್ ಕೊಳವಿತ್ತು. ಎಂಟಡಿ ಉದ್ದ, ಐದಡಿ ಅಗಲ, ಮೊಣಕಾಲು ಮೀರಿದ ಆಳ. ಗಿಡವಿಲ್ಲ, ಮೀನಿಲ್ಲ, ಬರೀ ನಿಂತ ನೀರು. ಹಿಂದಿನ ಮಳೆಗಾಲದಲ್ಲಿ ಏಳನೇ ತರಗತಿಯ ಸ್ಫೂರ್ತಿಗೆ ಡೆಂಗಿ ಬಂದಿತ್ತು. ಹುಡುಗಿ ಉಳಿದುಕೊಂಡಳು. ಆದರೆ ಶಾಲೆಯ ಕಾರ್ಯದರ್ಶಿ ಪರಮೇಶಪ್ಪ ಕೊಳ ಮುಚ್ಚಿಸಲು ಮಣ್ಣು ತರಿಸಿಬಿಟ್ಟರು.

"ಬೇಸಿಗೆ ರಜೆ ಮುಗಿದು ಶಾಲೆ ತೆರೆಯೋವರೆಗೂ ಟೈಮ್ ಕೊಡಿ ಸರ್. ಈ ನೀರಲ್ಲಿ ಜೀವ ತುಂಬಿಸ್ತೀನಿ" ಎಂದರು ಕಾತ್ಯಾಯಿನಿ.

"ಇನ್ನೊಂದು ಮಗು ಮಲಗಿದ್ರೆ?"

ಅದೇ ಪ್ರಶ್ನೆಯನ್ನು ಕಾತ್ಯಾಯಿನಿ ತಮಗೆ ತಾವೇ ಎಷ್ಟೋ ಸಲ ಕೇಳಿಕೊಂಡಿದ್ದರು. "ಒಂದೇ ಒಂದು ಸೊಳ್ಳೆಮರಿ ಕಂಡ್ರೂ ಮೊದಲನೇ ಪುಟ್ಟಿ ಮಣ್ಣು ನಾನೇ ಸುರೀತೀನಿ."

ಮರುದಿನವೇ ಓಬಮ್ಮನನ್ನು ಕೇಳಿ ನನ್ನನ್ನು ಪಡೆದುಕೊಂಡರು. ಅಗಲ ಬಾಯಿ ಇದೆ, ನೈದಿಲೆಗೆ ಸರಿಯಾಗುತ್ತದೆ ಎಂದರು. ಸೋರುತ್ತದೆ ಎಂದು ಓಬಮ್ಮ ಎಚ್ಚರಿಸಿದಾಗ, "ನೀರೊಳಗೆ ಮುಳುಗಿದ್ದು ಎಲ್ಲಿಗೆ ಸೋರುತ್ತೆ?" ಎಂದು ಮೊದಲ ಬಾರಿ ನಕ್ಕರು. ಆ ಮಾತು ನನಗೆ ಎಷ್ಟು ಹಿತವಾಯಿತೆಂದು ಹೇಳಲಾರೆ.

ಹುಡುಗಿಯರಿಗೆ ತಾವರೆ ಬೇಕಿತ್ತು. ತಾವರೆಗೆ ಕೆರೆಯೇ ಬೇಕು, ಇಷ್ಟು ಸಣ್ಣ ಕೊಳವನ್ನು ಅದು ಪೂರ್ತಿ ಆಕ್ರಮಿಸುತ್ತದೆ ಎಂದು ಟೀಚರ್ ತಿಳಿಸಿ ಹೇಳಿದರು. ಅಷ್ಟೆಲ್ಲ ತಿಳಿದವರೂ ತಪ್ಪಿದರು. ಮನೆಯ ತುಳಸಿಗೆ ಹಾಕುವಂತೆ ನನ್ನೊಳಗೆ ಒಳ್ಳೆಯ ಸಗಣಿ ಗೊಬ್ಬರ ತುಂಬಿ, ನೈದಿಲೆಯ ಗೆಡ್ಡೆ ಊರಿ, ಬೇವಿನ ನೆರಳಿನಲ್ಲಿ ಮುಳುಗಿಸಿದರು. ಆರೋಗ್ಯ ಇಲಾಖೆಯವರು ಕೊಟ್ಟ ಗಪ್ಪಿ ಮೀನುಗಳನ್ನು ಬಿಟ್ಟರು. ನೀಲಿ ಹೂವಿನ ಚೆಲುವಿಗೆ ಸೋತು ಕೆರೆಯಿಂದ ಎರಡೇ ಎರಡು ಅಂತರಗಂಗೆ ಗಿಡ ತಂದು ತೇಲಿಬಿಟ್ಟರು.

ಗೊಬ್ಬರವೆಲ್ಲ ನೀರಿಗಿಳಿಯಿತು. ಅಂತರಗಂಗೆ ಅದನ್ನುಂಡು ಎರಡು ನಾಲ್ಕಾಯಿತು, ನಾಲ್ಕು ನಲವತ್ತಾಯಿತು. ತಿಂಗಳೊಳಗೆ ಅದರ ಬೇರುಗಳ ಗಡ್ಡ ನನ್ನ ಮೇಲೆ ಚಾವಣಿಯಂತೆ ಹರಡಿತು. ತಳದಲ್ಲಿದ್ದ ನನಗೆ ಆಕಾಶ ಕಾಣದಾಯಿತು. ಮೀನುಗಳು ಬಾಯಿ ಬಾಯಿ ಬಿಟ್ಟವು. ಒಂದು ಬೆಳಿಗ್ಗೆ ಹನ್ನೊಂದು ಮೀನು ಬೆಳ್ಳಗೆ ತೇಲಿದವು; ಮಿಕ್ಕವು ಯಾರ ಕಣ್ಣಿಗೂ ಬೀಳಲಿಲ್ಲ. ಬೇರುಗಳ ಸಂದಿಯಲ್ಲಿ ಸೊಳ್ಳೆಮರಿಗಳು ಕುಣಿಯುತ್ತಿದ್ದವು.

ಕಾತ್ಯಾಯಿನಿ ದಂಡೆಯ ಮೇಲೆ ಕುಸಿದು ಕುಳಿತರು. "ಅವರೇ ಸರಿ, ಓಬಮ್ಮ. ಮುಚ್ಚಿಬಿಡೋಣ."

"ಗೊಬ್ಬರ ಸುರಿದು ನೀರಿಗೇ ಉಣ್ಣಾಕಿಟ್ರಿ. ಉಂಡಿದ್ಯಾರು? ಈ ಬಕಾಸುರ" ಎಂದು ಓಬಮ್ಮ ಸೀರೆ ಎತ್ತಿಕಟ್ಟಿ ಕೊಳಕ್ಕಿಳಿದಳು. "ಸಾಂಬಾರಿಗೆ ಉಪ್ಪು ಜಾಸ್ತಿಯಾದ್ರೆ ಒಲೇನೇ ಒಡೆದಾಕ್ತೀವಾ ಮೇಡಮ್ಮೋರೆ? ಹಿಡೀರಿ ಆ ಕಡೆ."

ಇಬ್ಬರೂ ಸೇರಿ ಅಂತರಗಂಗೆಯನ್ನು ಬೇರು ಉಳಿಯದಂತೆ ಎಳೆದು ಬಿಸಿಲಿಗೆ ಒಣಹಾಕಿದರು. ನೀರು ಮೊಗೆದರು. ನನ್ನನ್ನು ಎತ್ತುವಾಗ ಅಂಚು ಚಕ್ಕೆಯೆದ್ದು, ನನ್ನ ಹಳೆಯ ಬಿರುಕು ಎರಡು ಬೆರಳು ಅಗಲಕ್ಕೆ ಬಾಯಿ ತೆರೆಯಿತು. ಇನ್ನು ತಿಪ್ಪೆಯೇ ಗತಿ ಎಂದುಕೊಂಡೆ. ಕಾತ್ಯಾಯಿನಿ ಬಿರುಕನ್ನು ಬೆರಳಿಂದ ಸವರಿ, "ಮಣ್ಣನ್ನ ಇದಕ್ಕಿಂತ ಕೆಳಗೇ ನಿಲ್ಲಿಸಿದ್ರಾಯ್ತು" ಎಂದರು.

ಓಬಮ್ಮ ಕೆರೆಯ ಗೋಡುಮಣ್ಣು ತಂದಳು. ಅದು ನಾನು ಹುಟ್ಟಿದ ಮಣ್ಣು! ಅದರಲ್ಲಿ ನೈದಿಲೆಯ ಗೆಡ್ಡೆಯನ್ನು ಮತ್ತೆ ಊರಿ, ಮೇಲೆ ಒಂದು ಪದರ ಸಣ್ಣ ಕಲ್ಲು ಹರಡಿದರು. ಈ ಸಲ ನನ್ನನ್ನಿಟ್ಟದ್ದು ಮರದ ನೆರಳಾಚೆ, ದಿನವಿಡೀ ಬಿಸಿಲು ಬೀಳುವ ಕಡೆ, ಒಂದರ ಮೇಲೊಂದು ಪೇರಿಸಿದ ಮೂರು ಇಟ್ಟಿಗೆಯ ಮೇಲೆ. ಎಲೆಯ ದಂಟು ಉದ್ದವಾದಂತೆ ಒಂದೊಂದೇ ಇಟ್ಟಿಗೆ ತೆಗೆದು ಕೆಳಗಿಳಿಸಿದರು. ಅಂಚಿನ ಆಳವಿಲ್ಲದ ನೀರಿಗೆ ಓಬಮ್ಮನ ಆಯ್ಕೆ: ಕೂಸುಗಳ ನಾಲಿಗೆಗೆ ತೇಯಲು ಬಜೆ, ಚಟ್ನಿಗೆ ಒಂದೆಲಗ. "ಚೆಂದಕ್ಕೊಂದು ಸಾಕು. ಮಿಕ್ಕಿದ್ದು ಉಪಯೋಗಕ್ಕೆ ಬರಲಿ" ಎಂದಳು. ಹೊಸ ಮೀನು ಸಿಗುವುದು ಶಾಲೆ ತೆರೆದ ಮೇಲೆಯೇ ಎಂದು ಇಲಾಖೆಯವರು ಹೇಳಿದ್ದರು.

ಬೇಸಿಗೆ ರಜೆಯಿಡೀ ಕಾತ್ಯಾಯಿನಿ ಬೆಳಿಗ್ಗೆ ಬಿಳಿಯ ಪಿಂಗಾಣಿ ಬಟ್ಟಲಿನೊಂದಿಗೆ ಬರುತ್ತಿದ್ದರು. ನೀರು ಮೊಗೆದು, ಕನ್ನಡಕ ಸರಿಮಾಡಿ, ಉಸಿರು ಬಿಗಿಹಿಡಿದು ಹುಡುಕುತ್ತಿದ್ದರು. ದಿನಕ್ಕೆ ದಿನ ಹುಳ ಕಡಿಮೆಯಾಗುತ್ತಿತ್ತು. ಯಾಕೆಂದು ಅವರಿಗೆ ತಿಳಿಯದು. ನನಗೆ ತಿಳಿದಿತ್ತು. ಕೊಳ ತೊಳೆದ ದಿನ ತಳದ ಕೆಸರಿನಲ್ಲಿ ಒಂದು ಬಸುರಿ ಮೀನು ಉಳಿದುಕೊಂಡಿತ್ತು. ನನ್ನ ಬಿರುಕಿನೊಳಗೆ ನುಸುಳಿ, ನೈದಿಲೆಯ ಎಲೆಗಳಡಿಯಲ್ಲಿ ಮರಿ ಹಾಕಿತ್ತು. ಕೋಳಿಗಳಿಗೆ ಆದಂತೆ ಮೀನಿಗೂ ಹೆರಿಗೆಮನೆಯಾದೆ. ಕೂಗಿ ಹೇಳೋಣವೆಂದರೆ, ನನಗೆ ಮೊದಲಿನಿಂದಲೂ ಮಾತಾಡುವ ಬಾಯಿಲ್ಲವಲ್ಲ.

ಶಾಲೆ ತೆರೆದ ದಿನ ಪರಮೇಶಪ್ಪ ಬಂದರು. ಮಣ್ಣಿನ ಪುಟ್ಟಿಯೂ ಬಂತು. ಮೂರು ನೈದಿಲೆಗಳು ಅರಳಿ ನಿಂತಿದ್ದವು. ಅವರು ಹೂವಿನತ್ತ ನೋಡಲಿಲ್ಲ. ಬಟ್ಟಲನ್ನು ಇಸಿದುಕೊಂಡು ನನ್ನ ಪಕ್ಕದಲ್ಲೇ ಮೊಗೆದರು.

"ಇಲ್ಲೊಂದಿದೆ ನೋಡಿ ಮೇಡಂ."

ಇತ್ತು. ಕಪ್ಪಗೆ, ಎಳ್ಳಿನಷ್ಟು ದಪ್ಪ, ಮಣಿಯುತ್ತಾ ಏಳುತ್ತಾ. ಹುಡುಗಿಯರು ಬಟ್ಟಲಿನ ಸುತ್ತ ಮುತ್ತಿದರು. ಕಾತ್ಯಾಯಿನಿ ಬಾಗಿ ಪುಟ್ಟಿಗೆ ಕೈ ಹಾಕಿದರು.

"ಮಿಸ್! ಅದು ಹೋಯ್ತು!" ಎಂದು ಕೂಗಿದಳು ಬಟ್ಟಲಿಗೆ ಇಣುಕಿದ್ದ ಸ್ಫೂರ್ತಿ.

ಬಟ್ಟಲಿನಲ್ಲಿ ಸೊಳ್ಳೆಮರಿ ಇರಲಿಲ್ಲ. ಇದ್ದದ್ದು ಬಟ್ಟಲಿನ ಬಿಳುಪಿನಲ್ಲಿ ಯಾರಿಗೂ ಕಂಡಿರದ, ಗಾಜಿನಂಥ ಮೈಯ ಒಂದು ಮೀನುಮರಿ. ಅದರ ಹೊಟ್ಟೆಯಲ್ಲಿ ಕಪ್ಪನೆಯ ಚುಕ್ಕೆ.

ಪರಮೇಶಪ್ಪ ಬಹಳ ಹೊತ್ತು ನೋಡಿದರು. "ನನ್ನ ಕೈಯಾಗೇ ತಿಂತಲ್ಲ!"

"ಊಟದ ಬೆಲ್ಲು ಹೊಡೆಯೋಕೆ ಮುಂಚೇನೇ ಕುಂತ್ಬಿಡ್ತು ಸಾರ್" ಎಂದಳು ಓಬಮ್ಮ. ಹುಡುಗಿಯರು ಗೊಳ್ಳೆಂದು ನಕ್ಕರು. ಪರಮೇಶಪ್ಪ ಬಟ್ಟಲನ್ನು ಜೋಪಾನವಾಗಿ ನೀರಿಗಿಳಿಸಿದರು. ತರಿಸಿದ್ದ ಮಣ್ಣನ್ನು ಕರಿಬೇವಿನ ಪಾತಿಗೆ ಹಾಕಿಸಿದರು. ಬಟ್ಟಲಿನ ತಪಾಸಣೆ ಮಾತ್ರ ನಿಲ್ಲಲಿಲ್ಲ. ವಾರಕ್ಕೊಮ್ಮೆ ಅದು ಸ್ಫೂರ್ತಿಯ ಪಾಲಿನ ಕೆಲಸವಾಯಿತು.

ಅದಾಗಿ ಹದಿನಾಲ್ಕು ವರ್ಷ. ನನ್ನ ಮೈಮೇಲೆ ಪಾಚಿಯ ಮೆತ್ತೆ ಬೆಳೆದಿದೆ. ಪ್ರತಿ ಬೇಸಿಗೆ ಗೆಡ್ಡೆ ಬಿಡಿಸಿ, ಅರ್ಧವನ್ನು ಬೇರೆ ಶಾಲೆಗಳಿಗೆ ಕೊಟ್ಟು, ನನಗೆ ಹೊಸ ಗೋಡುಮಣ್ಣು ತುಂಬುತ್ತಾರೆ. ಹೋದ ವರ್ಷ, ನಿವೃತ್ತಿಯ ಹಿಂದಿನ ದಿನ, ಕಾತ್ಯಾಯಿನಿ ನನ್ನನ್ನು ದಂಡೆಯ ಮೇಲಿರಿಸಿಕೊಂಡು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿದರು. ನಾನು ಮೊದಲಿನಂತೆಯೇ ಮಂಕಾಗಿ ಸದ್ದು ಮಾಡಿದೆ.

ಸಂತೆಯಲ್ಲಿ ಈ ಸದ್ದು ಕೇಳಿದವರೆಲ್ಲ ನನ್ನನ್ನು ಕೆಳಗಿಟ್ಟು ಹೋಗಿದ್ದರು. ಕಾತ್ಯಾಯಿನಿಯವರೂ ಕೆಳಗಿಟ್ಟರು, ನಿಧಾನವಾಗಿ, ನೀರೊಳಗೆ, ಬಿರುಕು ಬಿಸಿಲಿನ ಕಡೆ ಬರುವಂತೆ ತಿರುಗಿಸಿ. ಅವರ ಕೈ ಇನ್ನೂ ನೀರಿನಲ್ಲಿರುವಾಗಲೇ ಒಂದು ಮೀನು ಒಳಗೆ ಬಂತು.