ವುಕೋತನ ಮನೆಯ ಗುಂಡು

ಮನೆಯ ಕೊನೆಯ ಗಂಡಸು ಮಣ್ಣಾದ ನಲವತ್ತನೆಯ ದಿನ ಗೋರಿಯ ಬಳಿ ಮನೆತನದ ರಿವಾಲ್ವರ್ ಸದ್ದು ಮಾಡಬೇಕು. ಮಾಡದಿದ್ದರೆ ಆ ಮನೆಯ ದೀಪ ಆರಿತೆಂದೇ ಲೆಕ್ಕ. ಡುರ್ಮಿಟೋರ್ ಬೆಟ್ಟದ ಆ ಹಳ್ಳಿಯಲ್ಲಿ ಮಿಲೂಶಾ ಹಾಲಿನ ಜೊತೆ ಕುಡಿದ ಮಾತಿದು. ನಾಳೆ ಅವಳ ಅಪ್ಪ ವುಕೋತನ ನಲವತ್ತನೆಯ ದಿನ. ಅವನಿಗಿದ್ದವಳು ಇವಳೊಬ್ಬಳೇ.

ಮುತ್ತಜ್ಜ ರಾಜನ ಸೈನ್ಯದಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಆ ರಿವಾಲ್ವರನ್ನು ಕೂಸಿನಂತೆ ಬಟ್ಟೆಯಲ್ಲಿ ಸುತ್ತಿ, ಅಪ್ಪನ ಗೆಳೆಯ, ಬಂದೂಕು ರಿಪೇರಿಯ ಗವ್ರಿಲೊನ ಅಂಗಳಕ್ಕೆ ತಂದಳು.

"ಮೂತಿ ಆ ಕಡೆ ತಿರುಗಿಸೇ! ನಿಮ್ಮಪ್ಪನ ಹಿಂದೇನೇ ನನ್ನನ್ನೂ ಕಳಿಸ್ತೀಯಾ?"

"ಖಾಲಿ ಇದೆ ಮಾವ."

"ಖಾಲಿ ಅಂದ್ಕೊಂಡವರೇ ಅರ್ಧ ಸ್ಮಶಾನ ತುಂಬಿದ್ದಾರೆ."

ಅವನು ಗುಂಡಿನ ಉರುಳೆಯನ್ನು ಮೆಲ್ಲಗೆ ತಿರುಗಿಸುತ್ತ ಒಂದೊಂದು ಗೂಡಿಗೂ ಕಡ್ಡಿ ಇಳಿಸಿ ನೋಡಿದ. ನಳಿಗೆಯನ್ನು ಬಿಸಿಲಿಗೆ ಹಿಡಿದು ಇಣುಕಿದ. ಉರುಳೆ ಕಳಚಿ, ಸೀಮೆಎಣ್ಣೆಯಲ್ಲಿ ಅದ್ದಿ ಒರೆಸಿ, ಸುಣ್ಣದ ಪುಡಿ ಸವರಿ ಕಾದ. ಒಳಗೆ ಇಳಿದಿದ್ದ ಎಣ್ಣೆ ಒಸರಿ ಬಿಳಿಯ ಮೇಲೆ ಕೂದಲೆಳೆಯಂಥ ಗೆರೆ ಮೂಡಿತು.

"ಗೀರೋ ಬಿರುಕೋ ಕಣ್ಣಿಗೆ ತಿಳಿಯಲ್ಲ. ಹಳೇ ಟೈರಿಗೆ ಕಟ್ಟಿ, ದೂರದಿಂದ ಹೊಡೆದು ನೋಡೋಣ. ತಡೆದುಕೊಂಡ್ರೆ ನಾಳೆ ನಿನ್ನ ಕೈಗೆ."

"ತಡೀದಿದ್ರೆ?"

ಗವ್ರಿಲೊ ಹುರಿ ಬಿಚ್ಚತೊಡಗಿದ.

ಕಡಿಮೆ ಮದ್ದಿನ ಗುಂಡೊಂದನ್ನು ಗೆರೆಯಿದ್ದ ಗೂಡಿಗೇ ತುಂಬಿ, ಉರುಳೆ ಕೂಡಿಸಿ, ರಿವಾಲ್ವರನ್ನು ಟೈರಿಗೆ ಬಿಗಿದ. ಮೂತಿ ಮಣ್ಣಿನ ದಿಬ್ಬದ ಕಡೆಗಿತ್ತು. ಅದರ ಟ್ರಿಗರಿಗೆ ಕಟ್ಟಿದ ಹುರಿ ಹಿಡಿದು ಇಬ್ಬರೂ ಕಲ್ಲುಗೋಡೆಯ ಮರೆಗೆ ಕುಳಿತರು. ಕಿವಿಗೆ ಹತ್ತಿ ತುರುಕಿಕೊಂಡು ಅವಳೇ ಎಳೆದಳು.

ಒಂದು ಬೆಟ್ಟ ಆ ಸದ್ದನ್ನು ಹಿಡಿದು ಇನ್ನೊಂದಕ್ಕೆ ಎಸೆಯಿತು. ಹೊಗೆ ಸರಿದಾಗ ಉರುಳೆ ದಾಳಿಂಬೆಯಂತೆ ಬಾಯ್ಬಿಟ್ಟಿತ್ತು.

ಮಿಲೂಶಾ ಕಿವಿಯ ಹತ್ತಿ ತೆಗೆದಳು. "ಅಪ್ಪನಿಗೆ ಕೇಳಿಸಿರುತ್ತಾ ಮಾವ?"

ಗೋರಿ ಇದ್ದದ್ದು ಬೆಟ್ಟದ ಆಚೆ ಮಗ್ಗುಲಲ್ಲಿ. ಗವ್ರಿಲೊ ಒಡೆದ ಚೂರುಗಳನ್ನು ಆಯ್ದು ಅವಳು ತಂದಿದ್ದ ಬಟ್ಟೆಯಲ್ಲಿ ಹಾಕತೊಡಗಿದ.

ಎದುರು ಗುಡ್ಡದಲ್ಲಿ ಕುರಿ ಮೇಯಿಸುತ್ತಿದ್ದ ಮುದುಕಿ ಕೈಯೆತ್ತಿ ಕೂಗಿದಳು. ಹಾಡುಹಗಲು ಒಂಟಿ ಗುಂಡು ಹಾರಿದರೆ ಅಲ್ಲಿ ಒಂದೇ ಅರ್ಥ.

"ಯಾರ ಮನೇಲಿ ಗಂಡು ಹುಟ್ಟಿತ್ರೋ? ನೂರು ವರ್ಷ ಬಾಳಲಿ!"

ಕೇಳಿದವರಿಗೆ ಉತ್ತರ ಕೊಡದಿದ್ದರೆ ಕೇಡು. ಮಿಲೂಶಾ ಗೋಡೆ ಹತ್ತಿ ನಿಂತಳು.

"ಹುಟ್ಟಿದ್ದಲ್ಲ ಅಜ್ಜೀ! ವುಕೋತನ ಮನೇದು! ನಾನು ಹೊಡೆದಿದ್ದು, ಅವನ ಮಗಳು!"

ಮುದುಕಿ ತಲೆವಸ್ತ್ರ ಜಾರಿಸಿ, ಸತ್ತವರ ಹೆಸರು ಹಿಡಿದು ಅಳುವ ರಾಗ ಎತ್ತಿದಳು. ವುಕೋತನ ಹೆಸರು ಬಂತು, ಅವನಪ್ಪನದು ಬಂತು, ಅಜ್ಜನದು ಬಂತು. ಆ ಮನೆ ಕತ್ತಲಾಯಿತಲ್ಲಾ ಎಂದು ಅವಳು ಅತ್ತಳು. ಗೋಡೆಯ ಮೇಲೆ ಬಿಸಿಲಲ್ಲಿ ನಿಂತಿದ್ದವಳ ಹೆಸರು ಅದರಲ್ಲಿ ಬರಲೇ ಇಲ್ಲ.