ಎತ್ತರದ ಹುಡುಗಿಯ ಗೌನು

ಆ ಮಧ್ಯಾಹ್ನ ನನ್ನ ಕೈಗೆ ಸಿಕ್ಕಿದ್ದು ಮೇಲೆ ತೂಗುಹಾಕಿದ ಬಟ್ಟೆ ಇಳಿಸುವ ಕೋಲು. ಕುಡಗೋಲು ಸಿಕ್ಕಿದ್ದರೆ ಈ ಕತೆಯನ್ನು ನಾನು ಜೈಲಿನಲ್ಲಿ ಕೂತು ಹೇಳಬೇಕಾಗುತ್ತಿತ್ತು. ಶಿವಪುತ್ರನ ಅದೃಷ್ಟ ದೊಡ್ಡದು.

ಸುಮಾ ನನ್ನ ಅಣ್ಣನ ಮಗಳು. ಪಿಯುಸಿಯಲ್ಲಿ ತಾಲೂಕಿಗೇ ಮೊದಲು ಬಂದಿದ್ದಳು. ಬರುವ ರವಿವಾರ ಬಾಗಲಕೋಟೆಯಲ್ಲಿ ನಮ್ಮ ನೇಕಾರ ಸಮಾಜದವರು ಆಕೆಗೆ ಸನ್ಮಾನ ಇಟ್ಟುಕೊಂಡಿದ್ದರು. ಹುಡುಗಿ ಮಾತ್ರ ವೇದಿಕೆ ಹತ್ತಲು ಸುತಾರಾಂ ಒಲ್ಲೆ ಎನ್ನುತ್ತಿದ್ದಳು. ಹದಿನೇಳಕ್ಕೇ ಬಾಗಿಲಿಗೆ ತಲೆ ತಾಗುವಷ್ಟು ಬೆಳೆದವಳು, ಅಗಲ ಭುಜದವಳು. ಮೇ ತಿಂಗಳ ಉರಿಬಿಸಿಲಲ್ಲೂ ಬೆನ್ನು ಬಗ್ಗಿಸಿ, ಮೈತುಂಬ ವೇಲು ಸುತ್ತಿಕೊಂಡೇ ಓಡಾಡುತ್ತಿದ್ದಳು.

ಇದನ್ನು ಕಲಿಸಿದವನು ಅವಳ ಸೋದರಮಾವ ಶಿವಪುತ್ರ. ನನ್ನಣ್ಣ ತೀರಿಕೊಂಡ ಮೇಲೆ ಅವನ ಹೆಂಡತಿ, ನನ್ನ ವೈನಿ ಯಮನವ್ವನಿಗೆ ಈ ತಮ್ಮನೇ ದೇವರು. ಹುಡುಗಿ ನೆಟ್ಟಗೆ ನಿಂತರೆ ಸಾಕು, "ಒಂಟೆ ಎದ್ದ್ ನಿಂತಿತು ನೋಡ್ರಿ! ನನ್ನ ಬಿಟ್ರ ಇದನ್ನ ಯಾವ ಮಗ ಮದವಿ ಮಾಡ್ಕೋತಾನ?" ಎಂದು ನೆತ್ತಿಗೆ ಗುದ್ದುತ್ತಿದ್ದ. ನಗುತ್ತಲೇ ಗುದ್ದುತ್ತಿದ್ದ. ವೈನಿ ಅದನ್ನು ಚೇಷ್ಟೆ ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೊನೆಗೆ ನಾನೇ ಹುಡುಗಿಯನ್ನು ಇಳಕಲ್ಲಿನ ಪೇಟೆಗೆ, ಕಾಸಿಂಬಿಯ ಬಟ್ಟೆ ಅಂಗಡಿಗೆ ಎಳೆದುಕೊಂಡು ಹೋದೆ. ಮೊದಲು ಹಾಕಿಸಿದ್ದು ಜರಿ, ಕುಚ್ಚು, ನಿರಿಗೆಗಳ ಒಂದು ದೊಡ್ಡ ಗೌನು. ಬಟ್ಟೆ ಕಂಡಿತು, ಹುಡುಗಿ ಕಾಣಲಿಲ್ಲ. ಎರಡನೆಯದು ಬಿಳಿಯದು, ಅದರ ಮೇಲೆ ಮತ್ತೆ ವೇಲು ಕೇಳಿದಳು. ಕಾಸಿಂಬಿಗೆ ಸಿಟ್ಟು ಬಂತು. ಒಳಗೆ ಹೋಗಿ ದಾಳಿಂಬೆ ಬಣ್ಣದ ತೆಳು ಹತ್ತಿಯ ಗೌನು ತಂದಳು. ಕಾಲಿನವರೆಗೆ ನೇರವಾಗಿ ಇಳಿಯುವಂಥದ್ದು, ಮೊಣಕೈವರೆಗೆ ತೋಳು, ಕೊರಳಲ್ಲಿ ಸಣ್ಣ ಕಸೂತಿ.

"ಇದಕ್ಕ ವೇಲ್ ಇಲ್ಲೇನ್ರಿ?" ಎಂದಳು ಸುಮಾ.

"ಇದರ ಮ್ಯಾಲೆ ವೇಲ್ ಹಾಕಾಕಿದ್ರ ನನ್ನ ಅಂಗಡಿ ಮೆಟ್ಟಲಾ ಹತ್ತಬ್ಯಾಡ," ಎಂದಳು ಕಾಸಿಂಬಿ.

ಹುಡುಗಿ ಪರದೆ ಸರಿಸಿ ಹೊರಬಂದು ಕನ್ನಡಿಯ ಮುಂದೆ ನಿಂತಳು. ಬೆನ್ನು ತಾನಾಗಿಯೇ ನೆಟ್ಟಗಾಯಿತು. ಥೇಟ್ ನನ್ನಣ್ಣನೇ ನಿಂತಂತಿತ್ತು. ನನ್ನ ಕಣ್ಣು ತುಂಬಿ ಬಂತು.

"ಅತ್ತಿ, ಖರೇನ ಚಂದ ಕಾಣ್ತೇನೇನ?"

"ನನ್ನ ಯಾಕ ಕೇಳ್ತಿ? ಕಣ್ಣ ಅದಾವಿಲ್ಲೋ, ನೀನ ನೋಡ್ಕೋ," ಎಂದೆ.

ಅಷ್ಟರಲ್ಲಿ ಶಿವಪುತ್ರ ಒಳಗೆ ಬಂದ, ಹಿಂದೆಯೇ ವೈನಿ. ತಮ್ಮನನ್ನು ಕೇಳದೆ ಹೊಸ ಬಟ್ಟೆ ಕೊಳ್ಳುವುದು ಹೇಗೆಂದು ಅವಳೇ ಫೋನು ಮಾಡಿ ಕರೆಸಿದ್ದಳು. ಅವನ ಕೈಯಲ್ಲಿ ಹಸಿರು ಇಳಕಲ್ ಸೀರೆ.

"ರವಿವಾರ ಇದನ್ನ ಉಡ್ತಾಳ," ಎಂದ.

ನಮ್ಮ ಮಂದಿಯಲ್ಲಿ ಸೋದರಮಾವ ತಂದ ಹಸಿರು ಸೀರೆಯನ್ನು ಹುಡುಗಿ ಸಮಾಜದ ಮುಂದೆ ಉಟ್ಟಳೆಂದರೆ ಅವನಿಗೇ ಕೊಟ್ಟಾಯಿತೆಂದು ಅರ್ಥ. ಬೇರೆ ಮನೆಯವರು ಆಮೇಲೆ ಆ ಹೊಸ್ತಿಲ ಕಡೆ ಸುಳಿಯುವುದಿಲ್ಲ. ಓದೂ ಅಲ್ಲಿಗೇ ಮುಗಿಯುತ್ತದೆ. ವೈನಿಗೆ ಅದರಲ್ಲಿ ತಮ್ಮನ ಪ್ರೀತಿಯಷ್ಟೇ ಕಂಡಿತ್ತು.

ಸುಮಾ ಸೀರೆಯನ್ನು ಮುಟ್ಟಲಿಲ್ಲ. "ಒಲ್ಲೆ ಮಾಮಾ. ನಾ ಇದನ್ನ ಹಾಕ್ಕೋತೇನಿ."

ಅವನು ಕಪಾಳಕ್ಕೆ ಬಾರಿಸಿದ. ಅವಳು ತಲೆಯೆತ್ತುವ ಮೊದಲೇ ಜಡೆ ಹಿಡಿದು ಎಳೆದು ಮುಖವನ್ನು ಕನ್ನಡಿಗೆ ಅಪ್ಪಳಿಸಿದ. ಗಾಜು ಚೂರುಚೂರಾಯಿತು. ಹುಬ್ಬಿನ ಮೇಲಿಂದ ರಕ್ತ ಸುರಿದು ಒಂದು ಕಣ್ಣು ಮುಚ್ಚಿತು. "ನೋಡ್ಕೋ ಒಂಟೆ, ಈಗ ನೋಡ್ಕೋ!" ಎಂದು ಮತ್ತೆ ಜಡೆ ಜಗ್ಗಿದ. ನಾನು ಕೋಲು ತೆಗೆದು ಅವನ ಬೆನ್ನಿಗೆ ಹೊಡೆದೆ. ಶಕ್ತಿಯಿದ್ದಷ್ಟು ಹೊಡೆದೆ. ಅವನು ತಿರುಗಿ ಕೋಲು ಕಸಿದು ನನ್ನ ಮೊಣಕೈಗೆ ಹಾಕಿದ ಏಟಿಗೆ ಎಲುಬು ಲಟ್ಟೆಂದಿತು, ನಾನು ಕುಸಿದು ಕೂತೆ. ವೈನಿ ಬಾಗಿಲಲ್ಲಿ ನಿಂತು "ಸಾಕೋ, ಸಾಕೋ" ಎನ್ನುತ್ತಿದ್ದಳೇ ಹೊರತು ಒಂದು ಹೆಜ್ಜೆ ಮುಂದೆ ಇಡಲಿಲ್ಲ. ಆ ಹೊತ್ತು ಅವಳ ಮೇಲೂ ನನಗೆ ಅಸಹ್ಯ ಹುಟ್ಟಿತು.

ಮುಂದಿನ ಏಟು ನನ್ನ ತಲೆಗೆ ಬರುತ್ತಿತ್ತು. ಸುಮಾ ಕೋಲನ್ನು ಮೇಲೆಯೇ ಹಿಡಿದಳು. ಅವಳು ಪೂರ್ತಿ ನೆಟ್ಟಗೆ ನಿಂತಾಗ ಶಿವಪುತ್ರನ ನೆತ್ತಿ ಅವಳ ಗದ್ದದ ಹತ್ತಿರ ಬರುತ್ತಿತ್ತು. ಇಷ್ಟು ವರ್ಷ ಇದು ಗೊತ್ತಿದ್ದದ್ದು ಅವನೊಬ್ಬನಿಗೇ, ಅದಕ್ಕೇ ಅವಳನ್ನು ನೆಟ್ಟಗೆ ನಿಲ್ಲಲು ಬಿಟ್ಟಿರಲಿಲ್ಲ. ಕೋಲು ಕಿತ್ತುಕೊಂಡು ಅವನ ಮೊಣಕಾಲಿಗೆ ಹೊಡೆದಳು. ಅವನು ಗಾಜಿನ ಚೂರುಗಳ ಮೇಲೆ ಬಿದ್ದ. ಭುಜಕ್ಕೆ ಹೊಡೆದಳು, ಕೈಗೆ ಹೊಡೆದಳು, "ಅಕ್ಕಾ, ಸಾಯ್ತೇನಿ" ಎಂದು ಅವನು ಚೀರುವವರೆಗೆ ಹೊಡೆದಳು, ಚೀರಿದ ಮೇಲೂ ಹೊಡೆದಳು. ಕಾಸಿಂಬಿ ಸೊಂಟ ಹಿಡಿದು ಎಳೆಯದಿದ್ದರೆ ಅಲ್ಲೊಂದು ಹೆಣ ಬೀಳುತ್ತಿತ್ತು. ನಾನು ಬಿಡಿಸಲು ಹೋಗಲಿಲ್ಲ. ಕೈ ಮುರಿದಿತ್ತೆಂದು ಪೊಲೀಸರಿಗೆ ಹೇಳಿದೆ. ಮನಸ್ಸೂ ಇರಲಿಲ್ಲ.

ಮೊದಲು ಕೈ ಮಾಡಿದವರು ಯಾರೆಂದು ಠಾಣೆಯಲ್ಲಿ ಕೇಳಿದರು. ವೈನಿ ಮುಂದೆ ಬಂದಳು. "ನನ್ನ ತಮ್ಮನೇ ಹೊಡದಾನ್ರಿ. ಮೊದಲಿಂದಾನೂ ಹೊಡಿತಿದ್ದ," ಎಂದಳು.

ರವಿವಾರ ಶಿವಪುತ್ರ ದವಾಖಾನೆಯಲ್ಲಿದ್ದ. ನಾನು ಪ್ಲಾಸ್ಟರ್ ಹಾಕಿದ ಕೈ ಹೊತ್ತು ಮುಂದಿನ ಸಾಲಿನಲ್ಲಿ ಕೂತಿದ್ದೆ, ಪಕ್ಕದಲ್ಲಿ ವೈನಿ. ಕಾಸಿಂಬಿ ಒಗೆದು ಇಸ್ತ್ರಿ ಮಾಡಿಕೊಟ್ಟ ಅದೇ ಗೌನು ಹಾಕಿಕೊಂಡು, ಹುಬ್ಬಿನ ಹೊಲಿಗೆ ಎಲ್ಲರಿಗೂ ಕಾಣುವಂತೆ ಸುಮಾ ವೇದಿಕೆ ಹತ್ತಿದಳು. ಸಭೆಯಲ್ಲಿ ಗುಸುಗುಸು ಎದ್ದಿತು. ಶಾಲು ಹಿಡಿದ ಹಿರಿಯರು ಗಿಡ್ಡ ಆಳು, ಸ್ವಲ್ಪ ಬಗ್ಗು ಎಂದು ಕೈಸನ್ನೆ ಮಾಡಿದರು.

"ಬಗ್ಗಬ್ಯಾಡ," ಎಂದಳು ವೈನಿ, ನನಗಷ್ಟೇ ಕೇಳುವಂತೆ.

ಸುಮಾ ಬಗ್ಗಲಿಲ್ಲ. ಹಿರಿಯರು ತುದಿಗಾಲಲ್ಲಿ ನಿಂತು ಶಾಲು ಹೊದಿಸಿದರು.